ತೊದಲು ಮಾತಿಗೆ ಉತ್ತರ ಕೊಡುವವರು ಯಾರು?

ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಬಲಕಿವಿಯಲ್ಲಿ ಬಾಂಗ್, ಎಡಕಿವಿಯಲ್ಲಿ ಇಕಾಮತ್ ಹೇಳುವುದು ಕ್ರಮ. ಆ ಪುಟ್ಟ ಕಿವಿಗೆ ಒಂದು ಶಬ್ದವೂ ಅರ್ಥವಾಗುವುದಿಲ್ಲ ಎಂಬುದು ಹೇಳುವವರಿಗೂ ಗೊತ್ತು, ಸುತ್ತ ನಿಂತವರಿಗೂ ಗೊತ್ತು. ಆದರೂ ಹೇಳುತ್ತೇವೆ. ಅರ್ಥವಾದ ಮೇಲೆ ಹೇಳಿದರಾಯ್ತು ಅಂತ ಯಾರೂ ಕಾಯುವುದಿಲ್ಲ.

ಆದರೆ ಆಮೇಲಿನ ಎರಡು ವರ್ಷ ಏನಾಗುತ್ತದೆ? ಮಗುವಿಗೆ ಹೊಸ ಬಟ್ಟೆ ಬರುತ್ತದೆ, ಆಟಿಕೆ ಬರುತ್ತದೆ, ಡಬ್ಬದ ಹಾಲಿನ ಪುಡಿ ಬರುತ್ತದೆ. ಮಾತು ಮಾತ್ರ ಕಮ್ಮಿಯಾಗುತ್ತದೆ. "ಅದಕ್ಕೇನು ಗೊತ್ತಾಗ್ತದೆ, ಸಣ್ಣದು" ಅಂತ ನಾವು ನಮ್ಮ ಪಾಡಿಗೆ ಇರುತ್ತೇವೆ. ಅತ್ತರೆ ಕೈಗೆ ಮೊಬೈಲ್. ಊಟ ಮಾಡದಿದ್ದರೆ ಎದುರಿಗೆ ಮೊಬೈಲ್. ಮತ್ತೆ ಒಂದು ದಿನ, ಮಗುವಿಗೆ ಎರಡೂವರೆ ವರ್ಷ ಆದಾಗ, "ಉಸ್ತಾದ್, ಇವನು ಮಾತಾಡುವುದೇ ಇಲ್ಲ, ಸ್ವಲ್ಪ ನೀರು ಮಂತ್ರಿಸಿ ಕೊಡಿ" ಅಂತ ಬರುತ್ತಾರೆ. ನಾನು ಓದಿ ಊದಿ ಕೊಡುತ್ತೇನೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತೇನೆ: ಮನೆಯಲ್ಲಿ ಅವನ ಜೊತೆ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತೀರಿ? ಹೆಚ್ಚಿನವರ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ.

ಮಗು ಮಾತು ಕಲಿಯುವುದು ತನಗೆ ಉತ್ತರ ಕೊಡುವವರಿಂದ. ಈ ಲೇಖನದಲ್ಲಿ ನಾನು ಹೇಳಲಿಕ್ಕೆ ಹೊರಟದ್ದು ಇಷ್ಟೇ. ಉತ್ತರ ಕೊಡುವವರು ನಾವಾದರೆ ಅದು ನಮ್ಮ ಭಾಷೆ ಕಲಿಯುತ್ತದೆ, ಅದರ ಜೊತೆಗೆ ಮನೆಯಲ್ಲಿ ಒಂದು ಖುಷಿಯೂ ತುಂಬುತ್ತದೆ. ಆ ಖುಷಿಗೆ ಒಂದು ಪೈಸೆ ಖರ್ಚಿಲ್ಲ.

ಮೂರು ಶಬ್ದ, ಮೂರು ಭಾಷೆ

ನಾನು ಕೆಲಸ ಮಾಡುವುದು ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ಹೇಮಾವತಿ ನದಿಯ ಕಡೆಯ ಊರು. ಮೈಸೂರು-ಹಾಸನ ರೈಲು ಮಾರ್ಗದಲ್ಲಿ ಒಂದು ಸ್ಟೇಷನ್. ಕರಾವಳಿಯಿಂದ ಘಾಟಿ ಹತ್ತಿ ಬಂದವರಿಗೆ ಇಲ್ಲಿ ತೆಂಗು ಉಂಟು, ಭತ್ತದ ಗದ್ದೆ ಉಂಟು, ಸಮುದ್ರದ ಮೀನಿನ ವಾಸನೆಯೊಂದು ಇಲ್ಲ. ನಮ್ಮ ಮನೆಯೊಳಗೆ ಬ್ಯಾರಿ. ಮಸೀದಿಯ ಅಂಗಳದಲ್ಲಿ ಸಿಗುವವರದ್ದು ಉರ್ದು. ಗೇಟು ದಾಟಿದರೆ ಮಂಡ್ಯದ ಕನ್ನಡ. ಮದ್ರಸದಲ್ಲಿ ಅರಬಿ. ಈ ನಾಲ್ಕರ ನಡುವೆ ನಮ್ಮ ಮನೆಯ ಸಣ್ಣವಳು ಮಾತು ಕಲಿಯುತ್ತಿದ್ದಾಳೆ. ಅವಳಿಗೆ ಈಗ 1 ವರ್ಷ 10 ತಿಂಗಳು.

ಅವಳ ಒಂದು ವಾಕ್ಯ ಹೀಗುಂಟು: "ಉಮ್ಮಾ, ಪಾನಿ ಬೇಕು." ಮೊದಲನೆಯ ಶಬ್ದ ನಮ್ಮದು, ಎರಡನೆಯದು ಎದುರುಮನೆಯ ಉರ್ದು ಮಕ್ಕಳದ್ದು, ಮೂರನೆಯದು ಪಕ್ಕದ ಮನೆಯ ಅವ್ವನದ್ದು. ಮೂರು ಶಬ್ದದಲ್ಲಿ ಮೂರು ಭಾಷೆ. ಆದರೆ ವಾಕ್ಯ ನೋಡಿ, ಎಲ್ಲಿಯೂ ತಪ್ಪಿಲ್ಲ. ಕರೆಯುವುದು ಮೊದಲು, ಬೇಕಾದ ವಸ್ತು ನಡುವೆ, ಬೇಕು ಎಂಬುದು ಕೊನೆಗೆ. ಬ್ಯಾರಿಯಲ್ಲಿಯೂ, ಕನ್ನಡದಲ್ಲಿಯೂ, ಉರ್ದುವಿನಲ್ಲಿಯೂ ಶಬ್ದಗಳು ಬರುವ ಸಾಲು ಇದೇ. ಯಾರೂ ಕೂತು ವ್ಯಾಕರಣ ಕಲಿಸಿದ್ದಲ್ಲ. ಅವಳೇ ಕೇಳಿ ಕೇಳಿ ಕಂಡುಕೊಂಡದ್ದು.

ಪಕ್ಕದ ಮನೆಯ ಅವ್ವ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಬಾರ್ ಮಗಾ, ಮುದ್ದೆ ಉಣ್ತೀಯಾ?" ಅಂತ ಕರೆದರೆ ಇವಳು ಓಡುತ್ತಾಳೆ. ನನ್ನ ಉಮ್ಮ ಊರಿನಿಂದ ಬಂದಾಗ "ಬಾ" ಅಂತ ಕೈ ಚಾಚಿದರೂ ಓಡುತ್ತಾಳೆ. ಮಲಯಾಳದಲ್ಲಿ "ವಾ" ಅನ್ನುವುದು ನಮ್ಮ ಬಾಯಲ್ಲಿ "ಬಾ" ಆಗಿದೆ. ಕನ್ನಡದಲ್ಲಿಯೂ ಅದೇ "ಬಾ". ಆ ಒಂದು ಶಬ್ದಕ್ಕೆ ಎರಡು ಮನೆಯ ಬಾಗಿಲು ತೆರೆಯುತ್ತದೆ ಅಂತ ಅವಳಿಗೆ ಗೊತ್ತಾಗಿದೆ.

ಕಾಲು ನಾಲ್ಕಿರುವುದೆಲ್ಲ ಅವಳಿಗೆ "ಅಂಬಾ". ದನವೂ ಅಂಬಾ, ಆಡೂ ಅಂಬಾ, ಮಸೀದಿ ಗೇಟಿನ ಹತ್ತಿರ ಮಲಗುವ ನಾಯಿಯೂ ಅಂಬಾ. ಒಂದು ದಿನ ನಾಯಿ ಬೊಗಳಿತು. ಅವಳು ನನ್ನ ಮುಖ ನೋಡಿದಳು, ನಾಯಿಯ ಮುಖ ನೋಡಿದಳು. ಮರುದಿನದಿಂದ ನಾಯಿ "ಬೌಬೌ" ಆಯಿತು, ಆಡು ಮಾತ್ರ ಈಗಲೂ ಅಂಬಾ. ಇದನ್ನು ನೋಡಿ ನಾವು ನಗುತ್ತೇವೆ. ಆದರೆ ಒಂದು ಹೆಸರು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದ ಇನ್ನೊಂದು ಹೆಸರು ಬೇಕು ಅಂತ ಅವಳು ಲೆಕ್ಕ ಹಾಕುತ್ತಿದ್ದಾಳೆ. ದೊಡ್ಡವರಾದ ನಾವು ಅಷ್ಟು ಗಮನ ಕೊಟ್ಟು ಯಾವ ಪಾಠ ಕಲಿತಿದ್ದೇವೆ ಹೇಳಿ?

"ಉಮ್ಮ" ಮೊದಲು ಬರುವುದು ಯಾಕೆ?

ಎಲ್ಲ ತಾಯಂದಿರಿಗೂ ಮಗು ಮೊದಲು ತನ್ನನ್ನೇ ಕರೆಯಿತು ಎಂಬ ಹೆಮ್ಮೆ. ಗಂಡಸರಿಗೆ ಅದರಲ್ಲಿ ಸಣ್ಣ ಅಸೂಯೆ. ಇದರ ಹಿಂದೆ ಒಂದು ಸರಳ ವಿಷಯ ಉಂಟು. ಮ, ಬ, ಪ - ಈ ಅಕ್ಷರಗಳಿಗೆ ನಾಲಿಗೆ ಬೇಡ, ಎರಡು ತುಟಿ ಸೇರಿದರೆ ಸಾಕು. ಹಾಲು ಕುಡಿಯುವ ಮಗುವಿಗೆ ತುಟಿ ಸೇರಿಸುವುದು ಹುಟ್ಟಿನಿಂದಲೇ ಬರುತ್ತದೆ. ಹಾಗಾಗಿ ಉಮ್ಮ, ಅಮ್ಮ, ಮಾಮಾ, ಅಬ್ಬ, ಉಪ್ಪ, ಪಾಪಾ ಎಂಬಂಥ ಶಬ್ದಗಳು ಪ್ರಪಂಚದ ಎಷ್ಟೋ ಭಾಷೆಗಳಲ್ಲಿ ಅಪ್ಪ ಅಮ್ಮಂದಿರ ಹೆಸರಾಗಿವೆ. ರೋಮನ್ ಯಾಕೋಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದಿದ್ದರು. ನಮ್ಮ ಕನ್ನಡದ ಡಿ.ಎನ್. ಶಂಕರ ಭಟ್ಟರು ಕೂಡ 1967ರಲ್ಲಿಯೇ ಮಕ್ಕಳ ಜೊತೆ ಆಡುವ ಮಾತಿನ ಬಗ್ಗೆ ಬರೆದಿದ್ದಾರೆ. ದೊಡ್ಡ ದೊಡ್ಡ ವಿದ್ವಾಂಸರು "ಮಮ್ಮು", "ತಾಚಿ" ಎಂಬ ಮಾತುಗಳನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂದರೆ, ಮನೆಯ ಗಂಡಸು ಮಗುವಿನ ಎದುರು ಕೂತು "ಮಮ್ಮು ತಿಂತೀಯಾ" ಅಂದರೆ ಮರ್ಯಾದೆ ಹೋಗುವುದಿಲ್ಲ.

ಇದನ್ನು ಒತ್ತಿ ಹೇಳಲಿಕ್ಕೆ ಕಾರಣ ಉಂಟು. ನಮ್ಮಲ್ಲಿ ಮಗುವಿನ ಜೊತೆ ಮಾತಾಡುವುದು ಹೆಂಗಸರ ಕೆಲಸ ಅಂತ ಆಗಿಬಿಟ್ಟಿದೆ. ಗಡ್ಡ ಬಿಟ್ಟ ಮನುಷ್ಯ ನೆಲದಲ್ಲಿ ಮಂಡಿಯೂರಿ ತೊದಲು ಮಾತಾಡಿದರೆ ನೋಡಿದವರು ಏನೆಂದಾರು ಎಂಬ ಹಿಂಜರಿಕೆ. ಪ್ರವಾದಿ(ಸ) ಅವರಿಗೆ ಆ ಹಿಂಜರಿಕೆ ಇರಲಿಲ್ಲ. ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿ ಸಾಕಿದ್ದ. ಪ್ರವಾದಿ(ಸ) ಆ ಮನೆಗೆ ಬಂದಾಗ ಹುಡುಗನ ಹೆಸರಿಗೆ ಪ್ರಾಸ ಕೂಡುವ ಹಾಗೆ ಆ ಹಕ್ಕಿಯ ವಿಷಯ ವಿಚಾರಿಸುತ್ತಿದ್ದರು. ರಾಜ್ಯಭಾರ, ಯುದ್ಧ, ಸಂಧಿ ಎಲ್ಲ ತಲೆಯ ಮೇಲಿದ್ದವರಿಗೆ ಒಂದು ಮಗುವಿನ ಹಕ್ಕಿಯ ಬಗ್ಗೆ ಪ್ರಾಸ ಕಟ್ಟಿ ಕೇಳುವಷ್ಟು ಸಮಯ ಇತ್ತು. ನಮಗೆ ಇಲ್ಲ ಅಂದರೆ ಹೇಗೆ?

ಹಬಶದಿಂದ ಬಂದ ಹುಡುಗಿ

ಇನ್ನೊಂದು ಪ್ರಸಂಗ ಸಹೀಹ್ ಬುಖಾರಿಯಲ್ಲಿ ಬರುತ್ತದೆ. ನನಗೆ ಬಹಳ ಇಷ್ಟವಾದದ್ದು. ಮಕ್ಕಾದ ಕಷ್ಟದ ದಿನಗಳಲ್ಲಿ ಕೆಲವು ಕುಟುಂಬಗಳು ಹಬಶಕ್ಕೆ, ಅಂದರೆ ಈಗಿನ ಇಥಿಯೋಪಿಯಾ ಕಡೆಗೆ, ವಲಸೆ ಹೋಗಿದ್ದವು. ಅಲ್ಲಿಯೇ ಹುಟ್ಟಿ ಬೆಳೆದ ಉಮ್ಮು ಖಾಲಿದ್ ಎಂಬ ಹುಡುಗಿ ಹೆತ್ತವರ ಜೊತೆ ಮದೀನಾಕ್ಕೆ ಬಂದಳು. ಒಂದು ದಿನ ಪ್ರವಾದಿ(ಸ) ಅವರಿಗೆ ಬಟ್ಟೆಗಳು ಬಂದವು, ಅದರಲ್ಲಿ ಅಂಚಿಗೆ ಚಿತ್ತಾರ ಇದ್ದ ಸಣ್ಣ ಕಪ್ಪು ವಸ್ತ್ರವೊಂದಿತ್ತು. ಅವರು ಈ ಹುಡುಗಿಯನ್ನೇ ಕರೆಸಿ ತಮ್ಮ ಕೈಯಾರೆ ತೊಡಿಸಿದರು. ಆಮೇಲೆ ಆ ಚಿತ್ತಾರ ತೋರಿಸಿ "ಸನಾ" ಅಂದರು. ಅದು ಅರಬಿ ಶಬ್ದವಲ್ಲ, ಹಬಶದ ಶಬ್ದ. ಚೆಂದ ಇದೆ ಅಂತ ಅರ್ಥ.

ಅರಬಿ ನಾಡಿಗೆ ಬಂದ ಮಗುವಿಗೆ "ಇನ್ನು ಅರಬಿಯಲ್ಲಿ ಮಾತಾಡು" ಅನ್ನಲಿಲ್ಲ. ಅವಳ ಕಿವಿಗೆ ಅಭ್ಯಾಸವಿದ್ದ ಭಾಷೆಯ ಒಂದು ಶಬ್ದ ಹುಡುಕಿ ಅವಳಿಗೆ ಕೊಟ್ಟರು. ಆ ಹುಡುಗಿ ದೊಡ್ಡವಳಾದ ಮೇಲೂ ಅದನ್ನು ಮರೆಯಲಿಲ್ಲ. ಅವಳೇ ಹೇಳಿದ್ದರಿಂದ ನಮಗೆ ಈ ವಿಷಯ ತಿಳಿದಿದೆ. ಮಗುವಿನ ಮನೆಮಾತಿಗೆ ಕೊಟ್ಟ ಗೌರವ ಅದರ ಮನಸ್ಸಿನಲ್ಲಿ ಎಷ್ಟು ವರ್ಷ ಉಳಿಯುತ್ತದೆ ನೋಡಿ.

ಈಗ ನಮ್ಮ ಮನೆಗಳ ವಿಷಯಕ್ಕೆ ಬರುವ. ಘಾಟಿ ಹತ್ತಿದ ಬ್ಯಾರಿ ಕುಟುಂಬಗಳಲ್ಲಿ ಒಂದು ಬದಲಾವಣೆ ನಡೆಯುತ್ತಿದೆ. ಗಂಡ ಹೆಂಡತಿ ತಮ್ಮೊಳಗೆ ಬ್ಯಾರಿ ಮಾತಾಡುತ್ತಾರೆ, ಮಗುವಿನ ಕಡೆ ತಿರುಗಿದ ಕೂಡಲೇ ಭಾಷೆ ಬದಲಾಗುತ್ತದೆ. ಕೆಲವರದ್ದು ಕನ್ನಡ, ಕೆಲವರದ್ದು ಅರೆಬರೆ ಇಂಗ್ಲಿಷ್. "ಕಮ್ ಹಿಯರ್", "ನೋ, ಡೋಂಟ್ ಟಚ್" ಇಷ್ಟರಲ್ಲಿಯೇ ಮಾತು ಮುಗಿಯುತ್ತದೆ, ಯಾಕೆಂದರೆ ಅದರಾಚೆಗೆ ಹೇಳಲಿಕ್ಕೆ ನಮಗೇ ಇಂಗ್ಲಿಷ್ ಬರುವುದಿಲ್ಲ. ಎಲ್‌ಕೆಜಿಯಲ್ಲಿ ಕಷ್ಟ ಆಗಬಾರದು ಎಂಬ ಒಳ್ಳೆಯ ಉದ್ದೇಶವೇ ಇದರ ಹಿಂದೆ ಇರುವುದು. ಮಂಗಳೂರು, ಉಡುಪಿ ಕಡೆಯ ಪೇಟೆ ಮನೆಗಳಲ್ಲಿಯೂ ಇದನ್ನೇ ನೋಡುತ್ತೇನೆ.

ಇದರ ಫಲ ಪೆರ್ನಾಳಿಗೆ ಊರಿಗೆ ಹೋದಾಗ ಗೊತ್ತಾಗುತ್ತದೆ. ಅಜ್ಜಿ ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿ ಏನೋ ಕೇಳುತ್ತಾಳೆ. ಮಗು ಅಮ್ಮನ ಮುಖ ನೋಡುತ್ತದೆ. ಅಮ್ಮ ಅನುವಾದ ಮಾಡುತ್ತಾಳೆ. ತನ್ನ ಮಗನನ್ನು ಹೆತ್ತು ಹೊತ್ತು ಮಾತು ಕಲಿಸಿದ ಹೆಂಗಸಿಗೆ, ಅದೇ ಮಗನ ಮಗುವಿನ ಜೊತೆ ಮಾತಾಡಲು ಇನ್ನೊಬ್ಬರು ಬೇಕಾಗುತ್ತಾರೆ. ಎರಡು ಮೂರು ಸಲ ಕೇಳಿ ಅಜ್ಜಿ ಸುಮ್ಮನಾಗುತ್ತಾಳೆ. ಕೈಗೆ ಒಂದು ಚಾಕಲೇಟು ಕೊಟ್ಟು ಎದ್ದುಹೋಗುತ್ತಾಳೆ. ಯಾರೂ ಜಗಳ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಆದರೆ ಒಂದು ಸಂಬಂಧ ಅಲ್ಲಿಗೇ ನಿಂತಿತು.

ಅಕಾಡೆಮಿ ಮಾಡಲಾಗದ ಕೆಲಸ

ಬ್ಯಾರಿ ಭಾಷೆಗೆ ಏನೂ ಆಗಲಿಲ್ಲ ಅಂತ ಹೇಳುವ ಹಾಗಿಲ್ಲ. 2007ರಲ್ಲಿ ಸರ್ಕಾರ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು. 2011ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ "ಬ್ಯಾರಿ" ಸಿನಿಮಾ ಮರಾಠಿಯ "ದೇವೂಳ್" ಜೊತೆ ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. 2020ರಲ್ಲಿ ಅಕಾಡೆಮಿಯ ಕಡೆಯಿಂದ ಬ್ಯಾರಿಗೆ ಸ್ವಂತ ಲಿಪಿಯೂ ಬಂತು. ಎಲ್ಲವೂ ಸಂತೋಷದ ವಿಷಯ.

ಆದರೆ ಯೋಚನೆ ಮಾಡಿ. ಲಿಪಿ ಬಂದದ್ದು 2020ರಲ್ಲಿ. ಅದಕ್ಕಿಂತ ಮೊದಲು ನೂರಾರು ವರ್ಷ ಈ ಭಾಷೆ ಹೇಗೆ ಉಳಿಯಿತು? ಬಹುಪಾಲು ಬಾಯಿಂದ ಕಿವಿಗೆ. ಉಮ್ಮಂದಿರ ಬಾಯಿಂದ ತೊಟ್ಟಿಲಲ್ಲಿ ಇರುವವರ ಕಿವಿಗೆ. ಪುಸ್ತಕ ಇರಲಿಲ್ಲ, ಶಾಲೆ ಇರಲಿಲ್ಲ, ಪ್ರಶಸ್ತಿ ಇರಲಿಲ್ಲ. ಈಗ ಲಿಪಿ ಉಂಟು, ಅಕಾಡೆಮಿ ಉಂಟು, ಸಿನಿಮಾ ಉಂಟು. ತೊಟ್ಟಿಲಿನ ಹತ್ತಿರ ಮಾತಾಡುವವರು ಸುಮ್ಮನಾದರೆ ಇವೆಲ್ಲ ಒಂದು ತಲೆಮಾರಿನ ನಂತರ ಯಾರಿಗೆ? ಎರಡು ವರ್ಷದ ಮಗುವಿಗೆ ಬ್ಯಾರಿ ಕಲಿಸಲು ಯಾವ ಅಕಾಡೆಮಿಯ ಅಧ್ಯಕ್ಷರೂ ನಮ್ಮ ಮನೆಗೆ ಬರುವುದಿಲ್ಲ.

ಬ್ಯಾರಿ ಕಲಿತರೆ ಕನ್ನಡ, ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂಬ ಹೆದರಿಕೆ ಕೆಲವರಿಗೆ. ಅದಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆದ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲ ಎಂಬುದನ್ನು ಭಾಷಾತಜ್ಞರು ಬಹಳ ಹಿಂದೆಯೇ ಒಪ್ಪಿದ್ದಾರೆ. ಒಂದೊಂದು ಭಾಷೆಯಲ್ಲಿ ಶಬ್ದ ಕಮ್ಮಿ ಕಂಡರೂ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಉಳಿದ ಮಕ್ಕಳಷ್ಟೇ ಇರುತ್ತದೆ. ಭಾಷೆ ಬೆರೆಸುವುದು ರೋಗವಲ್ಲ; "ಪಾನಿ ಬೇಕು" ಅಂದವಳು ಯಾರ ಹತ್ತಿರ ಯಾವುದು ಅಂತ ಕ್ರಮೇಣ ತಾನೇ ಬೇರೆ ಮಾಡಿಕೊಳ್ಳುತ್ತಾಳೆ. ಭಾರತದಲ್ಲಿ, ಅದರಲ್ಲಿಯೂ ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಟ್ಟಿಗೇ ಕೇಳುವ ನಮ್ಮ ಜಿಲ್ಲೆಯಲ್ಲಿ ಬೆಳೆದವರಿಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಯೂ ಇಲ್ಲ. ಮೀನು ಮಾರ್ಕೆಟಿನಲ್ಲಿ ನಾಲ್ಕು ಭಾಷೆಯಲ್ಲಿ ಚೌಕಾಶಿ ಮಾಡುವ ನಮ್ಮ ಹಿರಿಯರು ಯಾವ ಶಾಲೆಗೆ ಹೋಗಿದ್ದರು?

ಮದ್ರಸದಲ್ಲಿ ನಾನು ಕಂಡದ್ದನ್ನೂ ಹೇಳುತ್ತೇನೆ. ಐದನೇ ವಯಸ್ಸಿಗೆ ಬರುವ ಮಕ್ಕಳಲ್ಲಿ, ಮನೆಯಲ್ಲಿ ಯಾವುದಾದರೂ ಒಂದು ಭಾಷೆಯಲ್ಲಿ ಚೆನ್ನಾಗಿ ಮಾತಾಡಿಸಿಕೊಂಡು ಬೆಳೆದವರು ಅಲಿಫ್ ಬಾ ಬೇಗ ಹಿಡಿಯುತ್ತಾರೆ. ಪ್ರಶ್ನೆ ಕೇಳುತ್ತಾರೆ. ಹೊಟ್ಟೆನೋವು ಬಂದರೆ ಎಲ್ಲಿ, ಹೇಗೆ ಅಂತ ಹೇಳುತ್ತಾರೆ. ಮೊಬೈಲ್ ನೋಡಿಯೇ ಬೆಳೆದ ಮಗು ಇಂಗ್ಲಿಷ್ ರೈಮ್ಸ್ ಪೂರ್ತಿ ಹಾಡುತ್ತದೆ, ಆದರೆ ಯಾಕೆ ಅಳುತ್ತಿದ್ದೀಯ ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಮೊಬೈಲ್ ಉತ್ತರ ಕೊಡುವುದಿಲ್ಲ

ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಎಲ್ಲ ಹೆತ್ತವರಿಗೆ ಗೊತ್ತಿರಬೇಕು. ಇಂಗ್ಲಿಷ್ ಮನೆಗಳ 9 ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದರು. ಕೆಲವು ಮಕ್ಕಳ ಎದುರು ಚೀನೀ ಮಾತಾಡುವವರೇ ಕೂತು, ಪುಸ್ತಕ ಆಟಿಕೆ ಹಿಡಿದು ಮಾತಾಡಿದರು. ಇನ್ನು ಕೆಲವರಿಗೆ ಅದೇ ಮಾತನ್ನು ಟಿವಿ ಪರದೆಯಲ್ಲಿ ತೋರಿಸಿದರು, ಇನ್ನು ಕೆಲವರಿಗೆ ಧ್ವನಿ ಮಾತ್ರ ಕೇಳಿಸಿದರು. ಎದುರು ಕೂತವರಿಂದ ಕೇಳಿದ ಮಕ್ಕಳು 12 ಸಲದ ಭೇಟಿಯಲ್ಲಿ ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತರು. ಪರದೆಯಿಂದ, ಧ್ವನಿಮುದ್ರಣದಿಂದ ಕೇಳಿದವರು ಏನೂ ಕಲಿಯಲಿಲ್ಲ. ಅದೇ ಮಾತು, ಅಷ್ಟೇ ಹೊತ್ತು. ಒಂದು ಕಡೆ ಮಗುವಿನ ಕಣ್ಣು ನೋಡುವ ಮನುಷ್ಯ ಇದ್ದ, ಇನ್ನೊಂದು ಕಡೆ ಇರಲಿಲ್ಲ.

ಈ ವಯಸ್ಸು ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ಉದಾಹರಣೆ. ನಮಗೆ "ತ" ಬೇರೆ, "ಟ" ಬೇರೆ. ಇಂಗ್ಲಿಷಿನವರಿಗೆ ಆ ವ್ಯತ್ಯಾಸ ಕೇಳಿಸುವುದು ಕಷ್ಟ. ಆದರೆ 1984ರಲ್ಲಿ ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ತೋರಿಸಿದ್ದು ಏನೆಂದರೆ, ಇಂಗ್ಲಿಷ್ ಮನೆಯ 6-8 ತಿಂಗಳ ಕೂಸುಗಳು ಹಿಂದಿಯ ತ-ಟ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸುತ್ತವೆ. ವರ್ಷ ತುಂಬುವಷ್ಟರಲ್ಲಿ ಅದು ಹೋಗಿಬಿಡುತ್ತದೆ, ಯಾಕೆಂದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಹುಟ್ಟುವಾಗ ಮಗುವಿನ ಕಿವಿ ಎಲ್ಲ ಭಾಷೆಗೂ ತೆರೆದಿರುತ್ತದೆ. ನಾವು ಮಾತಾಡಿದ್ದು ಉಳಿಯುತ್ತದೆ, ಮಾತಾಡದ್ದು ಮುಚ್ಚುತ್ತದೆ.

ಹಾಗಾದರೆ ಗಲ್ಫಿನಲ್ಲಿ ಇರುವ ಉಪ್ಪಂದಿರು ಏನು ಮಾಡಬೇಕು? ನಮ್ಮ ಸಮುದಾಯದಲ್ಲಿ ಎಷ್ಟೋ ಮಕ್ಕಳು ತಂದೆಯನ್ನು ಮೊದಲು ನೋಡುವುದೇ ಮೊಬೈಲಿನಲ್ಲಿ. ಪರದೆಗೆ ಮುತ್ತು ಕೊಡುತ್ತಾರೆ, ತಿಂಡಿ ತಿನ್ನಿಸಲು ಹೋಗುತ್ತಾರೆ. ಅವರಿಗೆ ಒಂದು ಸಮಾಧಾನದ ಸುದ್ದಿ ಉಂಟು. 2014ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕದ ಅಧ್ಯಯನದಲ್ಲಿ ಎರಡು ಎರಡೂವರೆ ವರ್ಷದ ಮಕ್ಕಳು ವೀಡಿಯೋ ಕಾಲ್‌ನಲ್ಲಿ ಹೊಸ ಶಬ್ದ ಕಲಿತರು, ಎದುರು ಇದ್ದವರಿಂದ ಕಲಿತ ಹಾಗೆಯೇ. ಮೊದಲೇ ರೆಕಾರ್ಡ್ ಮಾಡಿದ ವೀಡಿಯೋದಿಂದ ಕಲಿಯಲಿಲ್ಲ. ಕಾಲ್‌ನಲ್ಲಿ ಇರುವವರು ಮಗು ಹೇಳಿದ್ದಕ್ಕೆ ಆ ಕ್ಷಣದಲ್ಲಿ ಉತ್ತರ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ದಮ್ಮಾಮಿನಲ್ಲಿರಲಿ, ದುಬೈಯಲ್ಲಿರಲಿ, ಕಾಲ್ ಮಾಡಿದಾಗ ಮನೆಯ ಸಾಲದ ಲೆಕ್ಕ ಸ್ವಲ್ಪ ಆಮೇಲೆ ಇಡಿ. ಮೊದಲು ಹತ್ತು ನಿಮಿಷ ಮಗುವಿನ ಜೊತೆ ಮಾತಾಡಿ. ಮನೆಯ ಭಾಷೆಯಲ್ಲಿ ಮಾತಾಡಿ. ಅದು ಏನೋ ಅಂದರೆ "ಹೌದಾ? ಮತ್ತೆ?" ಅಂತ ಕೇಳಿ.

ಉಳಿದ ಕಾರ್ಟೂನು, ರೀಲ್ಸ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. ಒಂದರಿಂದ ಎರಡು ವರ್ಷದ ಮಗುವಿಗೂ ಸಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಮ್ಮಿಯಾದಷ್ಟು ಒಳ್ಳೆಯದು. ಒಬ್ಬಳೇ ಮನೆ ನೋಡಿಕೊಳ್ಳುವ ತಾಯಿಗೆ ಇದು ಕಷ್ಟ ಎಂದು ನನಗೆ ಗೊತ್ತು. ಅಡುಗೆ, ಬಟ್ಟೆ, ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ದೊಡ್ಡ ಮಕ್ಕಳು. ಹಾಗಿರುವಾಗ ಮೊಬೈಲ್ ಕೊಟ್ಟಳು ಅಂತ ಅವಳನ್ನೇ ಬೈಯುವುದು ನ್ಯಾಯವಲ್ಲ. ಸಂಜೆ ಮನೆಗೆ ಬಂದ ಗಂಡ ಮಗುವನ್ನು ಅರ್ಧ ಗಂಟೆ ಹೊರಗೆ ಎತ್ತಿಕೊಂಡು ಹೋದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಮಾತು ಬಾರದಿದ್ದರೆ ಕಾಯಬೇಡಿ

ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಮಾತಾಡುವುದಿಲ್ಲ, ನಿಜ. ಆರೇಳು ತಿಂಗಳಿಗೆ "ಬಾ ಬಾ ಬಾ" ಅಂತ ಶುರು, ವರ್ಷದ ಹೊತ್ತಿಗೆ ಮೊದಲ ಶಬ್ದ, ಎರಡು ವರ್ಷದ ಹೊತ್ತಿಗೆ ಎರಡು ಶಬ್ದ ಸೇರಿಸುವುದು - ಸಾಮಾನ್ಯ ದಾರಿ ಇದು. ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆದರೆ ವರ್ಷ ಕಳೆದರೂ ಬಬ್ಬಳಿಸುವುದಿಲ್ಲ, ಬೆರಳು ತೋರಿಸುವುದಿಲ್ಲ. 16 ತಿಂಗಳಾದರೂ ಒಂದು ಶಬ್ದ ಇಲ್ಲ. ಎರಡು ವರ್ಷವಾದರೂ ಎರಡು ಶಬ್ದ ಸೇರುವುದಿಲ್ಲ. ಅಥವಾ ಬಂದ ಮಾತು ನಿಂತುಹೋಯಿತು - ಇದರಲ್ಲಿ ಯಾವುದಾದರೂ ಒಂದು ಕಂಡರೆ "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಅಂತ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಮಗುವಿಗೆ ನಾವು ಎಷ್ಟು ಮಾತಾಡಿದರೂ ಅದಕ್ಕೆ ಮುಟ್ಟುವುದಿಲ್ಲ.

ಈ ಭಾಗದವರಿಗೆ ಒಂದು ದೊಡ್ಡ ಅನುಕೂಲ ಉಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಜನ ಆಯಿಷ್ ಅನ್ನುತ್ತಾರೆ, 1965ರಿಂದ ಇದೇ ಕೆಲಸಕ್ಕೆ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಎಲ್ಲೆಡೆಯಿಂದ ಅಲ್ಲಿಗೆ ಬರುತ್ತಾರೆ, ನಮಗೆ ಅದು ರೈಲು ಹತ್ತಿದರೆ ಸಿಗುವ ಊರಿನಲ್ಲಿದೆ. ಹುಟ್ಟಿದ ಮಗುವಿನ ಕಿವಿ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಮಲಗಿದ ಮಗುವಿನ ಕಿವಿಗೆ ಮೆತ್ತನೆಯ ಸಣ್ಣ ತುದಿ ಇಟ್ಟು ಕೆಲವೇ ನಿಮಿಷದಲ್ಲಿ ನೋಡುತ್ತಾರೆ. ತೊಂದರೆ ಇದ್ದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಂಡು ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ತಜ್ಞರ ಮಾತು. ಎರಡೂವರೆ ವರ್ಷಕ್ಕೆ ನನ್ನ ಹತ್ತಿರ ನೀರಿಗೆ ಬರುವಾಗ ಎಷ್ಟು ತಡವಾಗಿರುತ್ತದೆ, ನೀವೇ ಲೆಕ್ಕ ಹಾಕಿ. ದುಆ ಮಾಡುವ, ಮದ್ದೂ ಮಾಡುವ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ, ಕರೆದುಕೊಂಡು ಹೋಗಿ ತೋರಿಸಿ.

ಇವತ್ತೇ ಶುರು ಮಾಡಿ

ದೊಡ್ಡ ಯೋಜನೆ ಏನೂ ಬೇಡ. ಮಗುವಿಗೆ ಸ್ನಾನ ಮಾಡಿಸುವಾಗ ಕೈ, ಕಾಲು, ಮೂಗಿನ ಹೆಸರು ಹೇಳಿ. ಗಂಜಿ ತಿನ್ನಿಸುವಾಗ ಗಂಜಿಯ ವಿಷಯವೇ ಮಾತಾಡಿ. ಅದು "ಆ" ಅಂದರೆ ಅದನ್ನೇ ಪೂರ್ತಿ ಮಾಡಿ ವಾಪಸು ಹೇಳಿ. ತಪ್ಪು ಹೇಳಿದರೆ ಗದರಬೇಡಿ, ಎಲ್ಲರ ಎದುರು ನಗಬೇಡಿ. ಸರಿಯಾದದ್ದನ್ನು ನೀವೊಮ್ಮೆ ಹೇಳಿ ಮುಂದೆ ಹೋಗಿ. ಮನೆಗೆ ಬಂದವರ ಎದುರು ಮಗುವಿನಿಂದ ಇಂಗ್ಲಿಷ್ ರೈಮ್ಸ್ ಹಾಡಿಸುವುದನ್ನು ಸ್ವಲ್ಪ ಕಮ್ಮಿ ಮಾಡಿ, ಅಜ್ಜಿಗೆ ಬ್ಯಾರಿಯಲ್ಲಿ ಸಲಾಂ ಹೇಳಿ ಹೇಗಿದ್ದೀರಿ ಅಂತ ಕೇಳುವುದನ್ನು ಕಲಿಸಿ. ಹಿರಿಯರು ಮನೆಯಲ್ಲಿದ್ದರೆ ಮಗುವನ್ನು ಅವರ ಹತ್ತಿರ ಬಿಡಿ. ಅವರಿಗೆ ಸಮಯ ಉಂಟು, ಕಥೆ ಉಂಟು, ನಮ್ಮಲ್ಲಿ ಮರೆತುಹೋದ ಶಬ್ದಗಳೂ ಉಂಟು. ಪಕ್ಕದ ಮನೆಯವರು ಕನ್ನಡದಲ್ಲಿ ಮಾತಾಡಿಸಿದರೆ ಅದೂ ಬರಲಿ, ಅದು ನಮ್ಮ ನಾಡಿನ ಮಾತು.

ಮಗು ತೊದಲುವ ಕಾಲ ಬಹಳ ಸಣ್ಣದು. ನಾಯಿಯನ್ನು ಅಂಬಾ ಅನ್ನುವ ಮಗು ನಾಲ್ಕು ತಿಂಗಳಲ್ಲಿ ಸರಿಯಾಗಿ ನಾಯಿ ಅನ್ನುತ್ತದೆ. ಆಮೇಲೆ ನಾವು ಎಷ್ಟು ಬೇಡಿದರೂ ಅಂಬಾ ಅನ್ನುವುದಿಲ್ಲ. ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳಿ ನಮ್ಮ ತಲೆ ತಿನ್ನುವ ಮಗು, ನಾವು ಉತ್ತರ ಕೊಡದಿದ್ದರೆ, ಮುಂದೊಂದು ದಿನ ನಮ್ಮನ್ನು ಕೇಳುವುದನ್ನೇ ಬಿಡುತ್ತದೆ. ಹದಿನೈದು ವರ್ಷದ ಮಗ ಏನನ್ನೂ ಹೇಳುವುದಿಲ್ಲ ಅಂತ ಕೊರಗುವ ಹೆತ್ತವರು ನಮ್ಮಲ್ಲಿ ಬಹಳ ಇದ್ದಾರೆ. ಮಕ್ಕಳು ಎಲ್ಲ ಹೇಳುತ್ತಿದ್ದ ವಯಸ್ಸಿನಲ್ಲಿ ಕೇಳಿಸಿಕೊಳ್ಳಿ. ಅದು ಇಪ್ಪತ್ತೊಂದನೆಯ ಸಲ ಕೇಳಿದರೂ ಉತ್ತರ ಕೊಡಿ, ಮನೆಯ ಮಾತಿನಲ್ಲಿಯೇ ಕೊಡಿ.